ಮುಕ್ಕಾಲು ಗಿರಾಕಿಗಳಿದ್ದರೂ ಮುಚ್ಚುವ ಅಂಗಡಿ: ಸಣ್ಣ ಊರುಗಳಲ್ಲಿ ವ್ಯಾಪಾರ ಏಕೆ ನೆಲೆಯೂರುವುದಿಲ್ಲ

ಸಣ್ಣ ಊರೊಂದರಲ್ಲಿ ಬಹುಕಾಲ ನಡೆದ ಅಂಗಡಿ ಬಾಗಿಲು ಹಾಕಿದಾಗ ಅಲ್ಲಿಯ ಜನ ಸಾಮಾನ್ಯವಾಗಿ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಾರೆ. ಮಾಲೀಕರು ಕಾಲಕ್ಕೆ ತಕ್ಕಂತೆ ಬದಲಾಗಲಿಲ್ಲ ಎಂದು ಕೆಲವರು, ಊರಿನವರೇ ಕೈಬಿಟ್ಟರು ಎಂದು ಕೆಲವರು, ದೂರದ ದೊಡ್ಡ ಕಂಪನಿ ಎಲ್ಲವನ್ನೂ ನುಂಗಿತು ಎಂದು ಇನ್ನು ಕೆಲವರು ಹೇಳುತ್ತಾರೆ. ಈ ಮಾತುಗಳಲ್ಲಿ ಒಂದಿಷ್ಟು ಸತ್ಯ ಇರಬಹುದು. ಆದರೆ ಇವೆಲ್ಲಕ್ಕಿಂತ ಪ್ರಾಮಾಣಿಕವಾದ ಪ್ರಶ್ನೆಯನ್ನು ಕೇಳುವವರು ಇನ್ನೊಂದು ಗುಂಪಿನವರು: “ನಾವೆಲ್ಲ ಕೊನೆಯವರೆಗೂ ಅಲ್ಲಿಗೇ ಹೋಗುತ್ತಿದ್ದೆವು. ಹಾಗಿದ್ದೂ ಅದು ಮುಚ್ಚಿದ್ದು ಹೇಗೆ?” ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಸಣ್ಣ ಊರುಗಳ ವ್ಯಾಪಾರದ ಸಮಸ್ಯೆಯ ಅರ್ಧ ಭಾಗ ಅರ್ಥವಾದಂತೆಯೇ, ಏಕೆಂದರೆ ಉತ್ತರವಿರುವುದು ಯಾರ ಸ್ವಭಾವದಲ್ಲೂ ಅಲ್ಲ, ಅಂಗಡಿಯ ಲೆಕ್ಕದ ಪುಸ್ತಕದಲ್ಲಿ.

ಒಂದು ಅಂಗಡಿಯ ತಿಂಗಳ ಮಾರಾಟ 500 ಎಂದು ಇಟ್ಟುಕೊಳ್ಳೋಣ; ಯಾವ ದೇಶದ ಹಣ ಎಂಬುದು ಇಲ್ಲಿ ಮುಖ್ಯವಲ್ಲ. ಅದರಲ್ಲಿ 400 ಸರಕಿನ ಬಾಬ್ತು ಸಗಟು ವ್ಯಾಪಾರಿಗೆ ಹೋಗುತ್ತದೆ, ಅಂಗಡಿಯಲ್ಲಿ ಉಳಿಯುವುದು 100. ಈ ನೂರರಲ್ಲಿ ಬಾಡಿಗೆ, ವಿದ್ಯುತ್ತು, ಕೆಲಸದವರ ಸಂಬಳ, ವಿಮೆ, ಲೈಸೆನ್ಸು, ಸಾಲದ ಕಂತು ಎಲ್ಲ ಸೇರಿ 75 ಖರ್ಚಾಗುತ್ತದೆ. ಮಾಲೀಕರ ಕೈಗೆ ಸಿಗುವುದು 25. ಈಗ ಮಾರಾಟ ಹತ್ತನೆಯ ಒಂದು ಪಾಲು ಕುಗ್ಗಿ 450ಕ್ಕೆ ಇಳಿಯಿತು ಎನ್ನೋಣ. ಸರಕಿನ ವೆಚ್ಚ ಕಳೆದು ಉಳಿಯುವುದು 90. ಆದರೆ ಬಾಡಿಗೆಯಾಗಲಿ ವಿದ್ಯುತ್ತಾಗಲಿ ಹತ್ತನೆಯ ಒಂದು ಪಾಲು ಕುಗ್ಗುವುದಿಲ್ಲ. ಆ 75 ಹಾಗೆಯೇ ನಿಂತಿರುತ್ತದೆ. ಮಾಲೀಕರಿಗೆ ಸಿಗುವುದು 15. ಮಾರಾಟದಲ್ಲಿ ಶೇಕಡ 10ರ ಇಳಿಕೆ ಮಾಲೀಕರ ಸಂಪಾದನೆಯಲ್ಲಿ ಶೇಕಡ 40ರ ಇಳಿಕೆಯಾಗಿ ಬಂದು ತಟ್ಟಿತು. ಮಾರಾಟ ಕಾಲು ಪಾಲು ಕುಗ್ಗಿ 375ಕ್ಕೆ ಇಳಿದರೆ ಉಳಿಕೆ 75, ಖರ್ಚೂ 75. ಮಾಲೀಕರು ತಿಂಗಳೆಲ್ಲ ದುಡಿದು ಏನನ್ನೂ ಮನೆಗೆ ಒಯ್ಯುವುದಿಲ್ಲ.

ಈ ಕೊನೆಯ ಸ್ಥಿತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆ ಹೊತ್ತಿಗೂ ಹಿಂದಿನ ವ್ಯಾಪಾರದ ಮುಕ್ಕಾಲು ಪಾಲು ಅಂಗಡಿಯಲ್ಲೇ ನಡೆಯುತ್ತಿರುತ್ತದೆ. ಬೆಳಿಗ್ಗೆ ಜನ ಬರುತ್ತಾರೆ, ಸಂಜೆ ಬರುತ್ತಾರೆ, ಹೊರಗಿನಿಂದ ನೋಡಿದವರಿಗೆ ಅಂಗಡಿ ಚೆನ್ನಾಗಿಯೇ ನಡೆಯುತ್ತಿದೆ ಎನಿಸುತ್ತದೆ. ಯಾವ ಮನೆಯವರೂ ಅಂಗಡಿಯನ್ನು ಬಿಟ್ಟಿರುವುದಿಲ್ಲ. ಪ್ರತಿಯೊಂದು ಮನೆಯೂ ತನ್ನ ಖರೀದಿಯ ಕಾಲು ಭಾಗವನ್ನು ಮಾತ್ರ ಬೇರೆಡೆಗೆ ಕೊಂಡೊಯ್ದಿರುತ್ತದೆ, ಅದಕ್ಕೆ ಪ್ರತಿಯೊಬ್ಬರಿಗೂ ನ್ಯಾಯವಾದ ಕಾರಣ ಇರುತ್ತದೆ. ಒಬ್ಬರು ಕೆಲಸಕ್ಕೆ ಹೋಗುವ ಪೇಟೆಯಲ್ಲಿ ಮರಳುವಾಗ ಕೊಳ್ಳುತ್ತಾರೆ, ಇನ್ನೊಬ್ಬರಿಗೆ ಬೇಕಾದ ಅಳತೆ ಇಲ್ಲಿ ಸಿಗುವುದಿಲ್ಲ, ಮತ್ತೊಬ್ಬರಿಗೆ ಫೋನಿನಲ್ಲಿ ತರಿಸಿಕೊಳ್ಳುವುದು ಅಗ್ಗ. ಆದ್ದರಿಂದ “ನಾವು ಹೋಗುತ್ತಿದ್ದೆವು” ಎಂಬ ಜನರ ಮಾತು ಸುಳ್ಳಲ್ಲ. ಅಂಗಡಿ ಬದುಕುತ್ತಿದ್ದದ್ದು ಬರುತ್ತಿದ್ದ ಮುಕ್ಕಾಲು ವ್ಯಾಪಾರದಿಂದಲ್ಲ, ಕಳೆದುಹೋದ ಕಾಲು ವ್ಯಾಪಾರದಿಂದ ಎಂಬುದು ಹೊರಗಿನವರ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ವಾಸ್ತವದಲ್ಲಿ ಪರಿಸ್ಥಿತಿ ಈ ಲೆಕ್ಕಕ್ಕಿಂತಲೂ ಕಠಿಣವಾಗಿರುತ್ತದೆ. ಎಲ್ಲ ಸರಕಿನಲ್ಲೂ ಒಂದೇ ಮಾರ್ಜಿನ್ ಇರುವುದಿಲ್ಲ. ದಿನಬಳಕೆಯ, ಬೇಗ ಕೆಡುವ, ಎಲ್ಲರಿಗೂ ಬೆಲೆ ಗೊತ್ತಿರುವ ವಸ್ತುಗಳಲ್ಲಿ ಉಳಿಯುವುದು ಅಲ್ಪ. ಬಟ್ಟೆ, ಪಾತ್ರೆ, ಉಪಕರಣ, ಉಡುಗೊರೆಯಂಥ, ಅಪರೂಪಕ್ಕೆ ಕೊಳ್ಳುವ ವಸ್ತುಗಳಲ್ಲಿ ಉಳಿಯುವುದು ಹೆಚ್ಚು. ಊರಿನಿಂದ ಮೊದಲು ಹೊರಗೆ ಹರಿಯುವ ಖರೀದಿ ಈ ಎರಡನೆಯ ಬಗೆಯದು, ಏಕೆಂದರೆ ಅದಕ್ಕಾಗಿ ಜನ ಕಾಯಬಲ್ಲರು, ಹೋಲಿಸಿ ನೋಡಬಯಸುತ್ತಾರೆ. ಊರಿನ ಅಂಗಡಿಗೆ ಉಳಿಯುವುದು ಮರೆತುಹೋದ ವಸ್ತುಗಳ, ತುರ್ತಿನ ವಸ್ತುಗಳ, ಕಡಿಮೆ ಉಳಿಕೆಯ ವಸ್ತುಗಳ ವ್ಯಾಪಾರ. ಹೀಗೆ ಮಾರಾಟ ಶೇಕಡ 10 ಇಳಿದಾಗ ಉಳಿಕೆ ಅದಕ್ಕಿಂತ ಹೆಚ್ಚಾಗಿ ಇಳಿಯುತ್ತದೆ. ಅದನ್ನು ಸರಿದೂಗಿಸಲು ಮಾಲೀಕರು ಬೆಲೆ ಏರಿಸಿದರೆ ಇನ್ನಷ್ಟು ಜನ ಹೊರಗೆ ಹೋಗುತ್ತಾರೆ. ದಾಸ್ತಾನು ಕಡಿಮೆ ಮಾಡಿದರೆ “ಅಲ್ಲಿ ಏನೂ ಸಿಗುವುದಿಲ್ಲ” ಎಂಬ ಮಾತು ಹುಟ್ಟುತ್ತದೆ. ತೆರೆದಿರುವ ವೇಳೆ ಕಡಿತಗೊಳಿಸಿದರೆ ದುಡಿದು ತಡವಾಗಿ ಮನೆಗೆ ಬರುವವರು ಕೈತಪ್ಪುತ್ತಾರೆ.

ಹಾಗಾದರೆ ಒಂದು ವ್ಯಾಪಾರ ನಿಲ್ಲಲು ಎಷ್ಟು ಜನ ಬೇಕು? ಈ ಪ್ರಶ್ನೆಗೆ ಶಾಸ್ತ್ರೀಯ ರೂಪ ಕೊಟ್ಟವರು ಜರ್ಮನಿಯ ಭೂಗೋಳಜ್ಞ ವಾಲ್ಟರ್ ಕ್ರಿಸ್ಟಾಲರ್. 1933ರಲ್ಲಿ ದಕ್ಷಿಣ ಜರ್ಮನಿಯ ಊರುಗಳ ಹರವನ್ನು ಅಧ್ಯಯನ ಮಾಡಿದ ಅವರ ವಿಚಾರವನ್ನು ಇಂದು ಎರಡು ಅಳತೆಗಳ ಮೂಲಕ ವಿವರಿಸುತ್ತಾರೆ. ಒಂದು, ವ್ಯಾಪಾರ ತನ್ನ ಖರ್ಚನ್ನು ತಾನೇ ಹೊರಲು ಬೇಕಾದ ಕನಿಷ್ಠ ಗಿರಾಕಿಗಳ ಸಂಖ್ಯೆ. ಅದನ್ನು ಹೊಸ್ತಿಲು ಎನ್ನಬಹುದು. ಇನ್ನೊಂದು, ಆ ವಸ್ತುವಿಗಾಗಿ ಜನ ಎಷ್ಟು ದೂರ ಬರಲು ಸಿದ್ಧರಿದ್ದಾರೆ ಎಂಬ ವ್ಯಾಪ್ತಿ. ದಿನವೂ ಬೇಕಾಗುವ ವಸ್ತುವಿಗೆ ಹೊಸ್ತಿಲೂ ಕಡಿಮೆ, ವ್ಯಾಪ್ತಿಯೂ ಕಡಿಮೆ. ಕನ್ನಡಕದಂಥ ವಸ್ತುವಿಗೆ ಎರಡೂ ಹೆಚ್ಚು. ವ್ಯಾಪ್ತಿಯ ವೃತ್ತವನ್ನು ಎಳೆದು ಅದರೊಳಗಿನ ಜನರನ್ನು ಎಣಿಸಿದಾಗ ಹೊಸ್ತಿಲಿಗಿಂತ ಕಡಿಮೆ ಬಂದರೆ ಆ ವ್ಯಾಪಾರ ಅಲ್ಲಿ ನಿಲ್ಲದು. ಮಾಲೀಕರು ಎಷ್ಟೇ ಶ್ರಮಜೀವಿಗಳಾಗಿರಲಿ, ಊರು ಎಷ್ಟೇ ಒಗ್ಗಟ್ಟಿನದಾಗಿರಲಿ, ಈ ಎಣಿಕೆ ಬದಲಾಗುವುದಿಲ್ಲ.

ಹೊಸ್ತಿಲನ್ನು ಅಂಕಿಗಳಲ್ಲಿ ಅಳೆದು ತೋರಿಸಿದ ಒಂದು ಪ್ರಸಿದ್ಧ ಅಧ್ಯಯನ ಅಮೆರಿಕದ ಅರ್ಥಶಾಸ್ತ್ರಜ್ಞರಾದ ತಿಮೊಥಿ ಬ್ರೆಸ್ನಹನ್ ಮತ್ತು ಪೀಟರ್ ರೈಸ್ ಅವರದು. 1991ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅವರು ಒಂದಕ್ಕೊಂದು ದೂರವಿರುವ 202 ಸಣ್ಣ ಮಾರುಕಟ್ಟೆಗಳನ್ನು ಆರಿಸಿಕೊಂಡು, ಎಷ್ಟು ಜನರಿರುವಲ್ಲಿ ಯಾವ ವೃತ್ತಿ ಅಥವಾ ವ್ಯಾಪಾರ ನೆಲೆಯೂರುತ್ತದೆ ಎಂದು ನೋಡಿದರು. ಟೈರ್ ಮಾರಾಟಗಾರರು ಅಥವಾ ಔಷಧ ಅಂಗಡಿ ಒಂದು ನಿಲ್ಲಲು ಸುಮಾರು 500 ಜನ ಸಾಕಾಗುತ್ತಿತ್ತು, ವೈದ್ಯರೊಬ್ಬರಿಗೆ ಸುಮಾರು 900 ಜನ ಬೇಕಾಗಿತ್ತು, ನಲ್ಲಿ ಕೆಲಸದ ಪ್ಲಂಬರ್ ಒಬ್ಬರಿಗೆ ಸುಮಾರು 1,400. ಈ ಅಂಕಿಗಳು ಆ ದೇಶದ, ಆ ಕಾಲದ ಅಂಕಿಗಳು. ಬೇರೆಡೆಗೆ ಹಾಗೆಯೇ ಒಯ್ಯುವಂತಿಲ್ಲ. ಆದರೆ ಅವರು ಕಂಡುಕೊಂಡ ಇನ್ನೊಂದು ಸಂಗತಿ ಎಲ್ಲ ಕಡೆಗೂ ಬೆಳಕು ಚೆಲ್ಲುತ್ತದೆ. ಎರಡನೆಯ ಔಷಧ ಅಂಗಡಿ ಅಥವಾ ಎರಡನೆಯ ವೈದ್ಯರು ಬರಲು ಜನಸಂಖ್ಯೆ ಎರಡು ಪಟ್ಟಾದರೆ ಸಾಲುತ್ತಿರಲಿಲ್ಲ, ಸುಮಾರು ನಾಲ್ಕು ಪಟ್ಟಾಗಬೇಕಿತ್ತು. ಇಬ್ಬರಾದೊಡನೆ ಪೈಪೋಟಿಯಿಂದ ಉಳಿಕೆ ಕುಗ್ಗುತ್ತದೆ, ಕುಗ್ಗಿದ ಉಳಿಕೆಯಲ್ಲಿ ಅದೇ ಸ್ಥಿರ ಖರ್ಚನ್ನು ಹೊರಲು ಪ್ರತಿಯೊಬ್ಬರಿಗೂ ಮೊದಲಿಗಿಂತ ಹೆಚ್ಚು ಗಿರಾಕಿಗಳು ಬೇಕಾಗುತ್ತಾರೆ ಎಂಬುದು ಇದಕ್ಕೆ ಅವರು ಕೊಟ್ಟ ವಿವರಣೆ. ಸಣ್ಣ ಊರುಗಳಲ್ಲಿ ಬಹುಪಾಲು ವ್ಯಾಪಾರಗಳು ಒಂಟಿಯಾಗಿ ಏಕೆ ಇರುತ್ತವೆ, ಪೈಪೋಟಿ ಇಲ್ಲದ ಕಡೆ ಬೆಲೆ ಏಕೆ ಹೆಚ್ಚೆನಿಸುತ್ತದೆ, ಹಾಗಿದ್ದೂ ಎರಡನೆಯವರು ಏಕೆ ಬರುವುದಿಲ್ಲ ಎಂಬ ಮೂರು ಪ್ರಶ್ನೆಗಳಿಗೂ ಇದರಲ್ಲಿ ಉತ್ತರವಿದೆ.

ತಲೆ ಎಣಿಕೆಯಷ್ಟರಿಂದಲೇ ಎಲ್ಲ ತೀರ್ಮಾನವಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಸಾವಿರ ಜನರಿರುವ ಎರಡು ಊರುಗಳಲ್ಲಿ ಒಂದರಲ್ಲಿ ದುಡಿಯುವವರೆಲ್ಲ ಊರಿನಲ್ಲೇ ದುಡಿಯುತ್ತಿದ್ದು, ಇನ್ನೊಂದರಲ್ಲಿ ಅವರು ಬೆಳಿಗ್ಗೆ ಹೊರಟು ರಾತ್ರಿ ಮರಳುವವರಾಗಿದ್ದರೆ, ವ್ಯಾಪಾರಿಯ ಪಾಲಿಗೆ ಆ ಎರಡು ಊರುಗಳು ಒಂದೇ ಅಲ್ಲ. ಹಗಲು ಹೊತ್ತು ಊರಿನಲ್ಲಿರುವವರು ಯಾರು, ಅವರ ವಯಸ್ಸೆಷ್ಟು, ಆದಾಯ ತಿಂಗಳು ತಿಂಗಳು ಬರುತ್ತದೆಯೋ ವರ್ಷಕ್ಕೊಮ್ಮೆ ಬರುತ್ತದೆಯೋ, ಇವೆಲ್ಲ ಹೊಸ್ತಿಲನ್ನು ಏರಿಸುತ್ತವೆ ಅಥವಾ ಇಳಿಸುತ್ತವೆ.

ರಸ್ತೆಯ ಪಾತ್ರ ಇನ್ನೂ ಸೂಕ್ಷ್ಮವಾದದ್ದು. ಒಳ್ಳೆಯ ರಸ್ತೆ ಬಂದರೆ ವ್ಯಾಪಾರ ಬರುತ್ತದೆ ಎಂದು ನಾವು ನಂಬುತ್ತೇವೆ, ಆ ನಂಬಿಕೆಯಲ್ಲಿ ಹುರುಳಿದೆ. ಆದರೆ ರಸ್ತೆ ಎರಡೂ ದಿಕ್ಕಿಗೆ ಇರುತ್ತದೆ. ಅಮೆರಿಕದ ವಿಲಿಯಂ ರೈಲಿ 1931ರಲ್ಲಿ ಮಂಡಿಸಿದ ಸೂತ್ರದ ಪ್ರಕಾರ, ಎರಡು ಪೇಟೆಗಳ ನಡುವೆ ಇರುವ ಗಿರಾಕಿಯನ್ನು ಪ್ರತಿಯೊಂದು ಪೇಟೆಯೂ ತನ್ನ ಜನಸಂಖ್ಯೆಗೆ ಅನುಗುಣವಾಗಿ ಸೆಳೆಯುತ್ತದೆ, ದೂರದ ವರ್ಗಕ್ಕೆ ಅನುಗುಣವಾಗಿ ಆ ಸೆಳೆತ ಕುಗ್ಗುತ್ತದೆ: ದೂರ ಎರಡು ಪಟ್ಟಾದರೆ ಸೆಳೆತ ಕಾಲು ಪಾಲಿಗೆ ಇಳಿಯುತ್ತದೆ. ಅಂದರೆ ದೂರವೇ ಸಣ್ಣ ಊರಿನ ಅಂಗಡಿಗೆ ಬೇಲಿಯಾಗಿತ್ತು. ಒಂದೂವರೆ ಗಂಟೆಯ ದಾರಿ ಮುಕ್ಕಾಲು ಗಂಟೆಗೆ ಇಳಿದಾಗ ಆ ಬೇಲಿ ತೆಗೆದಂತಾಗುತ್ತದೆ. ಆಸ್ಪತ್ರೆಗೆ, ಕಾಲೇಜಿಗೆ, ಕೆಲಸಕ್ಕೆ ಹೋಗುವವರಿಗೆ ಅದು ದೊಡ್ಡ ಉಪಕಾರ. ರಸ್ತೆ ಬೇಡ ಎಂದು ಯಾರೂ ಹೇಳಬಾರದು. ಆದರೆ ರಸ್ತೆಯಾದ ಮೇಲೆ ಊರಿನ ಅಂಗಡಿಯ ವಹಿವಾಟು ತಾನಾಗಿಯೇ ಬೆಳೆಯುತ್ತದೆ ಎಂದು ಎಣಿಸುವುದು ತಪ್ಪು.

ಇನ್ನು ಸರಕು ಬರುವ ದಾರಿ. ಈ ವಿಷಯ ಗಿರಾಕಿಗಳಿಗೆ ಕಾಣುವುದೇ ಇಲ್ಲ, ಆದರೆ ಅಂಗಡಿಯವರನ್ನು ಕೇಳಿದರೆ ಅವರು ಮೊದಲು ಹೇಳುವ ಸಂಕಟಗಳಲ್ಲಿ ಇದೂ ಒಂದು. ಸಗಟು ವ್ಯಾಪಾರಿಯ ಲಾರಿ ಒಂದು ಊರಿಗೆ ಬಂದುಹೋಗುವ ಖರ್ಚು ಇಳಿಸುವ ಪೆಟ್ಟಿಗೆ ಹತ್ತಾದರೂ ಇನ್ನೂರಾದರೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಆತ ಇಷ್ಟು ಮೊತ್ತದ ಆರ್ಡರ್ ಇದ್ದರೆ ಮಾತ್ರ ಬರುತ್ತೇನೆ ಎಂಬ ಕಟ್ಟು ಹಾಕುತ್ತಾನೆ. ಸಣ್ಣ ಅಂಗಡಿ ಆ ಮೊತ್ತ ಮುಟ್ಟಲು ಬೇಕಾದ್ದಕ್ಕಿಂತ ಹೆಚ್ಚು ತರಿಸಿಕೊಂಡರೆ ಬಂಡವಾಳ ಕಪಾಟಿನಲ್ಲಿ ಸಿಕ್ಕಿಕೊಳ್ಳುತ್ತದೆ, ಬೇಗ ಕೆಡುವ ವಸ್ತು ತಿಪ್ಪೆಗೆ ಹೋಗುತ್ತದೆ. ತರಿಸಿಕೊಳ್ಳದಿದ್ದರೆ ಮಾಲೀಕರೇ ವಾರಕ್ಕೊಮ್ಮೆ ಅಂಗಡಿ ಮುಚ್ಚಿ ಪೇಟೆಗೆ ಹೋಗಿ, ದೊಡ್ಡ ಅಂಗಡಿಯ ಚಿಲ್ಲರೆ ಬೆಲೆಗೆ ಹತ್ತಿರವಾದ ಬೆಲೆಗೆ ಕೊಂಡು ತರಬೇಕಾಗುತ್ತದೆ. ದೊಡ್ಡ ಅಂಗಡಿ ಮಾರುವ ಬೆಲೆಯೇ ಸಣ್ಣ ಅಂಗಡಿ ಕೊಳ್ಳುವ ಬೆಲೆಯಾದಾಗ ಮಾಲೀಕರನ್ನು ದುರಾಸೆಯವರೆಂದು ಕರೆಯುವುದು ಅನ್ಯಾಯ. ಫ್ರಿಜ್ಜು ಕೆಟ್ಟರೆ ದುರಸ್ತಿಯವರು ಬರುವುದಕ್ಕೂ, ಬಿಡಿಭಾಗ ಸಿಗುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಇಷ್ಟೆಲ್ಲ ಇದ್ದರೂ ಎಷ್ಟೋ ಅಂಗಡಿಗಳು ದಶಕಗಳ ಕಾಲ ನಡೆಯುತ್ತವೆ. ಅದು ಹೇಗೆ ಸಾಧ್ಯವಾಗುತ್ತದೆ ಎಂಬುದೇ ನನ್ನ ಮಟ್ಟಿಗೆ ಈ ವಿಷಯದ ಅತಿ ಮುಖ್ಯವಾದ, ಅತಿ ಕಡಿಮೆ ಚರ್ಚೆಯಾಗುವ ಭಾಗ. ಅವು ನಡೆಯುವುದು ಲೆಕ್ಕಕ್ಕೆ ಬಾರದ ದುಡಿಮೆಯ ಮೇಲೆ. ಕಟ್ಟಡ ಸ್ವಂತದ್ದು, ಸಾಲ ಎಂದೋ ತೀರಿದೆ, ಮಾಲೀಕರು ದಿನಕ್ಕೆ ಹನ್ನೆರಡು ಗಂಟೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾರೆ, ಹೆಂಡತಿಯೋ ಗಂಡನೋ ಮಕ್ಕಳೋ ಸಂಬಳವಿಲ್ಲದೆ ಕೈಜೋಡಿಸುತ್ತಾರೆ. ಆ ಕಟ್ಟಡಕ್ಕೆ ಬಾಡಿಗೆ ಹಾಕಿ, ಆ ಗಂಟೆಗಳಿಗೆ ಕೂಲಿ ಕಟ್ಟಿದರೆ ಅಂಗಡಿ ಹತ್ತು ವರ್ಷಗಳ ಹಿಂದೆಯೇ ನಷ್ಟದಲ್ಲಿತ್ತು ಎಂದು ತಿಳಿಯುತ್ತದೆ. ಊರಿನವರು ಅಗ್ಗದ ಸೇವೆಯೆಂದು ಭಾವಿಸಿದ್ದರ ಒಂದು ಪಾಲನ್ನು ಆ ಕುಟುಂಬ ತನ್ನ ಬಿಡುವಿನಿಂದ, ತನ್ನ ಆರೋಗ್ಯದಿಂದ ಕೊಡುತ್ತಿತ್ತು. ಮಾಲೀಕರಿಗೆ ವಯಸ್ಸಾದಾಗ, ಪೇಟೆಯಲ್ಲಿ ನಿಶ್ಚಿತ ಸಂಬಳ ಮತ್ತು ವಾರದ ರಜೆ ಇರುವ ಮಗಳನ್ನೋ ಮಗನನ್ನೋ “ಬಂದು ಅಂಗಡಿ ನೋಡಿಕೋ” ಎಂದು ಕರೆಯಲು ಅವರಿಗೇ ಮನಸ್ಸಾಗುವುದಿಲ್ಲ. ಹೊರಗಿನವರು ಕೊಳ್ಳಲು ಮುಂದೆ ಬಂದರೆ, ಕೊಳ್ಳಲು ಮಾಡಿದ ಸಾಲದ ಕಂತು ಸೇರಿದ ಕೂಡಲೇ ಲೆಕ್ಕ ತಲೆಕೆಳಗಾಗುತ್ತದೆ.

ಈ ಕಾರಣದಿಂದ, ನಷ್ಟವಿಲ್ಲದೆ ನಡೆಯುವ ವ್ಯಾಪಾರಗಳೂ ವಾರಸುದಾರರಿಲ್ಲದೆ ಮುಚ್ಚುತ್ತವೆ. ಜಪಾನಿನಲ್ಲಿ ಇದರ ಪ್ರಮಾಣ ಎಷ್ಟು ದೊಡ್ಡದೆಂದರೆ, 2025ರ ಹೊತ್ತಿಗೆ ಸಣ್ಣ ಮತ್ತು ಮಧ್ಯಮ ಉದ್ಯಮಗಳ ಮಾಲೀಕರಲ್ಲಿ ಸುಮಾರು 24.5 ಲಕ್ಷ ಮಂದಿ 70 ವರ್ಷ ದಾಟುತ್ತಾರೆ, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಉತ್ತರಾಧಿಕಾರಿ ಗೊತ್ತಾಗಿಲ್ಲ ಎಂದು ಅಲ್ಲಿಯ ಸರ್ಕಾರವೇ ಅಂದಾಜು ಮಾಡಿತ್ತು. ಸಾಲುಸಾಲಾಗಿ ಶಟರ್ ಇಳಿದ ಅಂಗಡಿಬೀದಿಗಳಿಗೆ ಆ ಭಾಷೆಯಲ್ಲಿ “ಶಟರ್ ಬೀದಿ” ಎಂಬ ಅರ್ಥದ ಮಾತೇ ಚಾಲ್ತಿಗೆ ಬಂದಿದೆ. ಹತ್ತಿರದಲ್ಲಿ ಕೊಳ್ಳಲು ಎಲ್ಲಿಯೂ ಇಲ್ಲದ ವೃದ್ಧರನ್ನು “ಖರೀದಿ ನಿರಾಶ್ರಿತರು” ಎಂದು ಕರೆಯುತ್ತಾರೆ.

ಮುಚ್ಚಿದ ಅಂಗಡಿಯ ಜಾಗಕ್ಕೆ ಹೊಸಬರು ಏಕೆ ಬರುವುದಿಲ್ಲ ಎಂಬುದು ಇದಕ್ಕೆ ಹೊಂದಿಕೊಂಡ, ಆದರೆ ಬೇರೆಯದೇ ಆದ ಪ್ರಶ್ನೆ. ಮೊದಲ ತೊಡಕು ಸಾಲದ್ದು. ಜನಸಂಖ್ಯೆ ಕುಗ್ಗುತ್ತಿರುವ ಊರಿನಲ್ಲಿ ಒಂದು ಕಟ್ಟಡ ಕಟ್ಟಲು ಅಥವಾ ದುರಸ್ತಿ ಮಾಡಲು ತಗಲುವ ಹಣಕ್ಕಿಂತ, ಕಟ್ಟಿದ ಮೇಲೆ ಅದನ್ನು ಮಾರಿದರೆ ಸಿಗುವ ಹಣ ಕಡಿಮೆ. ಬ್ಯಾಂಕು ಸಾಲ ಕೊಡುವುದು ಈ ಎರಡನೆಯ ಮೌಲ್ಯವನ್ನು ನೋಡಿ. ಸಾಲಗಾರ ಎಷ್ಟೇ ನಂಬಿಕಸ್ಥನಾಗಿದ್ದರೂ ನೂರು ಖರ್ಚು ಮಾಡಿ ಅರವತ್ತರ ಆಸ್ತಿ ಸೃಷ್ಟಿಸುವ ಯೋಜನೆಗೆ ಬ್ಯಾಂಕು ಅರವತ್ತಕ್ಕಿಂತ ಕಡಿಮೆಯನ್ನೇ ಕೊಡುತ್ತದೆ. ಉಳಿದದ್ದನ್ನು ಕೈಯಿಂದ ಹಾಕಬೇಕು, ಹಾಕಿದ ದಿನವೇ ಅದರ ಒಂದು ಭಾಗ ಕಳೆದುಹೋದಂತೆ. ಎರಡನೆಯ ತೊಡಕು ಮಾಹಿತಿಯದ್ದು. ಅಂಗಡಿಯೇ ಇಲ್ಲದ ಊರಿನಲ್ಲಿ ಎಷ್ಟು ವ್ಯಾಪಾರವಾಗಬಹುದು ಎಂದು ತಿಳಿಸುವ ಯಾವ ದಾಖಲೆಯೂ ಇರುವುದಿಲ್ಲ. ಪೈಪೋಟಿಯವರು ಇಲ್ಲದಿರುವುದು ಅವಕಾಶವೋ ಎಚ್ಚರಿಕೆಯೋ ಎಂದು ಹೊಸಬರಿಗೆ ಹೇಗೆ ಗೊತ್ತಾಗಬೇಕು? ಹಿಂದಿನ ಅಂಗಡಿ ಮುಚ್ಚಿತ್ತು ಎಂಬ ಒಂದೇ ಒಂದು ಸುದ್ದಿ ಅವರ ಕಿವಿಗೆ ಬಿದ್ದಿರುತ್ತದೆ. ಅದು ಗಿರಾಕಿಗಳಿಲ್ಲದೆ ಮುಚ್ಚಿತೋ, ಮಾಲೀಕರ ಮೊಣಕಾಲು ನೋವಿನಿಂದ ಮುಚ್ಚಿತೋ ಎಂಬುದು ಬಿದ್ದಿರುವುದಿಲ್ಲ.

ಪರವಾನಗಿ ಬೇಕಾದ ವೃತ್ತಿಗಳಲ್ಲಿ ತೊಡಕು ಇನ್ನೊಂದು ಬಗೆಯದು. ಔಷಧ ಅಂಗಡಿಗೆ ಅರ್ಹ ಫಾರ್ಮಸಿಸ್ಟ್ ಬೇಕು, ಪಶುವೈದ್ಯಕೀಯಕ್ಕೆ ಪಶುವೈದ್ಯರು ಬೇಕು. ಅವರು ಊರಿಗೆ ಬಂದು ನೆಲೆಸಬೇಕಾದರೆ ಅವರ ಸಂಗಾತಿಗೂ ಅಲ್ಲಿ ತಕ್ಕ ಕೆಲಸ ಸಿಗಬೇಕು, ಮಕ್ಕಳಿಗೆ ಶಾಲೆ ಇರಬೇಕು, ಕಾಯಿಲೆ ಬಿದ್ದ ದಿನ ಬದಲಿಗೆ ನಿಲ್ಲುವವರು ಒಬ್ಬರಿರಬೇಕು. ಗಿರಾಕಿಗಳ ಎಣಿಕೆ ಹೊಸ್ತಿಲನ್ನು ದಾಟಿದ್ದರೂ ಈ ಮೂರರಲ್ಲಿ ಒಂದು ತಪ್ಪಿದರೆ ಹುದ್ದೆ ಖಾಲಿ ಉಳಿಯುತ್ತದೆ.

ದೊಡ್ಡ ಸರಣಿ ಅಂಗಡಿಗಳ ನಡೆಯನ್ನು ಅರ್ಥಮಾಡಿಕೊಳ್ಳಲು ಬೇರೊಂದು ಲೆಕ್ಕ ಬೇಕು. ಕುಟುಂಬದ ಅಂಗಡಿ ತನ್ನ ಖರ್ಚು ತಾನು ಹೊತ್ತರೆ ಸಾಕು, ನಡೆಯುತ್ತದೆ. ಸರಣಿಗೆ ಅಷ್ಟು ಸಾಲದು: ಈ ಅಂಗಡಿಗೆ ಹಾಕಿದ ಬಂಡವಾಳ ಬೇರೆ ಊರಿನಲ್ಲಿ ಹೆಚ್ಚು ಗಳಿಸಬಲ್ಲದೇ ಎಂದು ಅದು ಕೇಳುತ್ತದೆ. ಹೀಗಾಗಿ ಲಾಭದಲ್ಲಿರುವ ಶಾಖೆಯೂ ಮುಚ್ಚಬಹುದು. “ಲಾಭ ಬರುತ್ತಿತ್ತಲ್ಲ” ಎಂಬ ಊರಿನವರ ಆಕ್ಷೇಪ ನಿಜವಾಗಿದ್ದರೂ ಅದು ನಿರ್ಧಾರವನ್ನು ಬದಲಿಸುವುದಿಲ್ಲ. ದೊಡ್ಡ ಕಂಪನಿಗಳು ಸಣ್ಣ ಊರುಗಳನ್ನು ಸದಾ ದೂರವಿಡುತ್ತವೆ ಎಂಬುದೂ ಪೂರ್ಣ ಸತ್ಯವಲ್ಲ. ವಾಲ್‌ಮಾರ್ಟ್ 1962ರಲ್ಲಿ ಹುಟ್ಟಿದ್ದು ಅಮೆರಿಕದ ಅರ್ಕನ್ಸಾ ರಾಜ್ಯದ ರಾಜರ್ಸ್ ಎಂಬ ಸಣ್ಣ ಪೇಟೆಯಲ್ಲಿ, ಮತ್ತು ಅದು ಬೆಳೆದದ್ದು ಇತರರು ಕಡೆಗಣಿಸಿದ ಅಂಥ ಪೇಟೆಗಳ ಮೂಲಕವೇ. ಅದು ಎಲ್ಲೆಂದರಲ್ಲಿ ಹಾರಿಹೋಗದೆ, ಇರುವ ಅಂಗಡಿ ಮತ್ತು ಉಗ್ರಾಣಗಳಿಗೆ ಒತ್ತಾಗಿಯೇ ಹೊಸದನ್ನು ತೆರೆಯುತ್ತ ಹರಡಿತು. ಒಂದೇ ಲಾರಿ ಹಲವು ಅಂಗಡಿಗಳಿಗೆ ಸರಕು ಇಳಿಸಿದರೆ ಪ್ರತಿಯೊಂದರ ಸಾಗಣೆ ವೆಚ್ಚ ಇಳಿಯುತ್ತದೆ ಎಂಬುದೇ ಅದರ ಮರ್ಮ. ಅರ್ಥಶಾಸ್ತ್ರಜ್ಞೆ ಪಾನ್ಲೆ ಜಿಯಾ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1988 ಮತ್ತು 1997ರ ನಡುವೆ ಸಣ್ಣ ರಿಯಾಯಿತಿ ಅಂಗಡಿಗಳ ಸಂಖ್ಯೆಯಲ್ಲಿ ಆದ ಇಳಿಕೆಯ ಸುಮಾರು 40ರಿಂದ 50 ಶೇಕಡಕ್ಕೆ ವಾಲ್‌ಮಾರ್ಟ್‌ನ ವಿಸ್ತರಣೆಯೇ ಕಾರಣ. ಮುಂದೆ ಅದು ಕೂಡ ಹೋಗದಷ್ಟು ಚಿಕ್ಕ ಊರುಗಳನ್ನು ಡಾಲರ್ ಜನರಲ್ ಎಂಬ ಸರಣಿ ಹಿಡಿಯಿತು. ಅದರ ಅಂಗಡಿಗಳಲ್ಲಿ ಸುಮಾರು ಶೇಕಡ 80ರಷ್ಟು 20,000 ಅಥವಾ ಅದಕ್ಕಿಂತ ಕಡಿಮೆ ಜನರಿರುವ ಕಡೆ ಇವೆ. ಚಿಕ್ಕ ಕಟ್ಟಡ, ಬೆರಳೆಣಿಕೆಯ ಕೆಲಸದವರು, ಬೇಗ ಕೆಡದ ಸರಕು, ಇವುಗಳಿಂದ ಸ್ಥಿರ ವೆಚ್ಚವನ್ನೇ ಕುಗ್ಗಿಸಿದ್ದು ಅದರ ದಾರಿ. ಅಂದರೆ ಹೊಸ್ತಿಲು ಪ್ರಕೃತಿ ಹಾಕಿದ ಗೆರೆಯಲ್ಲ. ಅಂಗಡಿಯ ಸ್ವರೂಪ ಬದಲಾದರೆ ಅದೂ ಬದಲಾಗುತ್ತದೆ.

ಒಂದು ಬಾಗಿಲು ಮುಚ್ಚಿದ್ದು ಇನ್ನೊಂದನ್ನು ಮುಚ್ಚಿಸುವ ಬಗೆಯನ್ನೂ ವಿವರಿಸಬೇಕು, ಏಕೆಂದರೆ ಊರುಗಳು ನಿಜವಾಗಿ ಸೋಲುವುದು ಇಲ್ಲಿ. ಜನ ಒಂದೇ ಪ್ರಯಾಣದಲ್ಲಿ ಹಲವು ಕೆಲಸ ಮುಗಿಸುತ್ತಾರೆ. ಬ್ಯಾಂಕಿಗೆಂದು ಪೇಟೆಗೆ ಹೋದವರು ಔಷಧವನ್ನೂ ಅಲ್ಲೇ ಕೊಳ್ಳುತ್ತಾರೆ, ಮಗುವನ್ನು ಪೇಟೆಯ ಶಾಲೆಗೆ ಬಿಡುವವರು ದಿನಸಿಯನ್ನೂ ಅಲ್ಲಿಂದಲೇ ತರುತ್ತಾರೆ. ಆದ್ದರಿಂದ ಊರಿನ ಬ್ಯಾಂಕ್ ಶಾಖೆ ಅಥವಾ ಶಾಲೆ ಮುಚ್ಚಿದಾಗ ಹೋಗುವುದು ಅದೊಂದೇ ಸೇವೆಯಲ್ಲ, ಅದಕ್ಕಾಗಿ ಜನ ಹಾಕುತ್ತಿದ್ದ ಹೆಜ್ಜೆಗಳೂ ಹೋಗುತ್ತವೆ. ಮೊದಲ ಲೆಕ್ಕವನ್ನು ನೆನೆದರೆ, ಉಳಿದ ಅಂಗಡಿಗಳಿಂದ ಹತ್ತನೆಯ ಒಂದು ಪಾಲು ಸರಿದರೆ ಸಾಕು, ಅವುಗಳ ಮಾಲೀಕರ ಸಂಪಾದನೆ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಬ್ರಿಟನ್ನಿನಲ್ಲಿ 2007ರಿಂದ 2009ರ ನಡುವೆ ಸರ್ಕಾರಿ ಯೋಜನೆಯೊಂದರ ಅಡಿ ಸುಮಾರು 2,500 ಅಂಚೆ ಕಚೇರಿಗಳನ್ನು ಮುಚ್ಚಲಾಯಿತು. ಹಳ್ಳಿಗಳಲ್ಲಿ ಅಂಚೆಯ ಕಿಟಕಿ ಅಂಗಡಿಯೊಳಗೇ ಇರುವುದು ಅಲ್ಲಿ ಸಾಮಾನ್ಯ. ಅಂಥ ಕಡೆ ಕಿಟಕಿ ಹೋದರೆ ಅಂಗಡಿಯವರಿಗೆ ಅಂಚೆಯಿಂದ ಬರುತ್ತಿದ್ದ ನಿಶ್ಚಿತ ಆದಾಯವೂ, ಅಂಚೆಗೆಂದು ಬಂದು ಏನಾದರೂ ಕೊಂಡು ಹೋಗುತ್ತಿದ್ದವರೂ ಒಟ್ಟಿಗೇ ಹೋಗುತ್ತಾರೆ.

ಬ್ಯಾಂಕಿನ ಶಾಖೆ ಹೋದಾಗ ಆಗುವ ನಷ್ಟ ಇನ್ನೂ ಆಳಕ್ಕೆ ಇಳಿಯುತ್ತದೆ. ಸಣ್ಣ ವ್ಯಾಪಾರಿಗೆ ಸಾಲ ಸಿಗುವುದು ಬಹುಮಟ್ಟಿಗೆ ಆತನನ್ನು ಬಲ್ಲ ಶಾಖಾಧಿಕಾರಿಯ ತಿಳಿವಳಿಕೆಯಿಂದ. ಆ ತಿಳಿವಳಿಕೆ ಕಾಗದದಲ್ಲಿ ಬೇರೆ ಶಾಖೆಗೆ ವರ್ಗವಾಗುವುದಿಲ್ಲ. ಬ್ಯಾಂಕುಗಳ ವಿಲೀನದಿಂದ ಶಾಖೆ ಮುಚ್ಚಿದ ಅಮೆರಿಕದ ಪ್ರದೇಶಗಳನ್ನು ಅಧ್ಯಯನ ಮಾಡಿ ಹೊಆಯ್‌ಲು ನ್ವಿಯೆನ್ 2019ರಲ್ಲಿ ತೋರಿಸಿದಂತೆ, ಅಲ್ಲಿ ಸಣ್ಣ ಉದ್ಯಮಗಳಿಗೆ ಸಿಗುವ ಸಾಲ ಹಲವು ವರ್ಷಗಳ ಕಾಲ ತಗ್ಗಿಯೇ ಇತ್ತು, ಆ ಪರಿಣಾಮ ಮುಚ್ಚಿದ ಶಾಖೆಯಿಂದ ಸುಮಾರು 10 ಕಿಲೋಮೀಟರ್ ಒಳಗೆ ದಟ್ಟವಾಗಿತ್ತು. ದೂರದಿಂದ ಎಲ್ಲ ಕೆಲಸವೂ ಆಗುತ್ತದೆ ಎಂಬ ಮಾತಿಗೆ ಇದು ಗಂಭೀರವಾದ ಉತ್ತರ.

ಹಾಗಿದ್ದರೆ ಮಾಡಬಹುದಾದದ್ದು ಏನು? ಇತಿಹಾಸದಲ್ಲಿ ಇದಕ್ಕೆ ದೊಡ್ಡ ಉದಾಹರಣೆಯೊಂದಿದೆ. 1930ರ ದಶಕದ ಮಧ್ಯದಲ್ಲಿ ಅಮೆರಿಕದ ನಗರಗಳಲ್ಲಿ ಹತ್ತರಲ್ಲಿ ಒಂಬತ್ತು ಮನೆಗಳಿಗೆ ವಿದ್ಯುತ್ ಇದ್ದರೆ, ಹೊಲಗಳ ನಡುವಿನ ರೈತರ ಮನೆಗಳಲ್ಲಿ ಹತ್ತರಲ್ಲಿ ಒಂದಕ್ಕೆ ಮಾತ್ರ ಇತ್ತು. ಮೈಲಿಗೆ ಮೂರೋ ನಾಲ್ಕೋ ಮನೆಗಳಿರುವಲ್ಲಿ ಕಂಬ ನೆಟ್ಟರೆ ಗಿಟ್ಟುವುದಿಲ್ಲ ಎಂಬುದು ಖಾಸಗಿ ಕಂಪನಿಗಳ ವಾದ. ಅವರ ಲೆಕ್ಕದ ಪ್ರಕಾರ ಅದು ಸರಿಯೂ ಆಗಿತ್ತು. 1935ರಲ್ಲಿ ಗ್ರಾಮೀಣ ವಿದ್ಯುದೀಕರಣ ಆಡಳಿತ ಸ್ಥಾಪನೆಯಾಯಿತು, ಮರುವರ್ಷ ಅದಕ್ಕೆ ಕಾಯಿದೆಯ ಬಲ ಬಂತು. ರೈತರೇ ಸಹಕಾರ ಸಂಘಗಳನ್ನು ಕಟ್ಟಿಕೊಂಡು ಸರ್ಕಾರದ ಕಡಿಮೆ ಬಡ್ಡಿಯ ಸಾಲದಿಂದ ತಂತಿ ಎಳೆದರು. ಕಂಬಗಳ ನಡುವಿನ ಅಂತರ ಹೆಚ್ಚಿಸಿ, ವಿನ್ಯಾಸವನ್ನು ಸರಳಗೊಳಿಸಿ ಮೈಲಿಯ ಖರ್ಚನ್ನೇ ಇಳಿಸಿದರು. 1950ರ ದಶಕದ ಮಧ್ಯದ ಹೊತ್ತಿಗೆ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ರೈತರ ಮನೆಗಳಿಗೆ ಬೆಳಕು ಬಂದಿತ್ತು. ಇಲ್ಲಿ ಜನಸಂಖ್ಯೆ ಹೆಚ್ಚಲಿಲ್ಲ. ಬಡ್ಡಿ ಇಳಿಯಿತು, ನಿರ್ಮಾಣ ವೆಚ್ಚ ಇಳಿಯಿತು, ಲಾಭದ ನಿರೀಕ್ಷೆ ಇಳಿಯಿತು, ಹೀಗೆ ಹೊಸ್ತಿಲನ್ನು ಮೂರು ಕಡೆಯಿಂದ ತಗ್ಗಿಸಲಾಯಿತು.

ಕಡ್ಡಾಯ ಮಾಡುವುದು ಇನ್ನೊಂದು ದಾರಿ. ಭಾರತದಲ್ಲಿ 1977ರಿಂದ 1990ರವರೆಗೆ, ಈಗಾಗಲೇ ಬ್ಯಾಂಕಿರುವ ಕಡೆ ಒಂದು ಹೊಸ ಶಾಖೆ ತೆರೆಯಬೇಕಾದರೆ ಬ್ಯಾಂಕೇ ಇಲ್ಲದ ನಾಲ್ಕು ಕಡೆ ಶಾಖೆ ತೆರೆಯಬೇಕು ಎಂಬ ನಿಯಮವನ್ನು ರಿಸರ್ವ್ ಬ್ಯಾಂಕ್ ಜಾರಿಯಲ್ಲಿಟ್ಟಿತ್ತು. ರಾಬಿನ್ ಬರ್ಜೆಸ್ ಮತ್ತು ರೋಹಿಣಿ ಪಾಂಡೆ 2005ರಲ್ಲಿ ಪ್ರಕಟಿಸಿದ ಅಧ್ಯಯನ, ಈ ವಿಸ್ತರಣೆಯಿಂದ ಗ್ರಾಮೀಣ ಬಡತನ ಕುಗ್ಗಿತು ಎಂದು ತೋರಿಸಿತು. ಸಾಲ ಮರುಪಾವತಿ ಕಳಪೆಯಾಗಿದ್ದದ್ದನ್ನೂ, ಅದರ ಹೊರೆಯಿಂದ ಈ ಕ್ರಮವನ್ನು ಬಹುಕಾಲ ನಡೆಸಲು ಆಗದೇ ಹೋದದ್ದನ್ನೂ ಗಮನಿಸಿತು. ಕಡ್ಡಾಯದ ದಾರಿಯಲ್ಲಿ ಖರ್ಚು ಮಾಯವಾಗುವುದಿಲ್ಲ, ಬೇರೆಯವರ ಹೆಗಲಿಗೆ ಹೋಗುತ್ತದೆ. ಅದನ್ನು ಹೊರಲು ಸಮಾಜ ಒಪ್ಪುವುದಾದರೆ ಬಹಿರಂಗವಾಗಿ ಒಪ್ಪಿ ಹೊರುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಊರಿನ ಅಳತೆಗೆ ವ್ಯಾಪಾರವನ್ನು ಹೊಂದಿಸುವ ದಾರಿಗಳು ಇದಕ್ಕಿಂತ ಹಳೆಯವು. ಒಂದೇ ಕಡೆ ಕುಳಿತರೆ ಹೊಸ್ತಿಲು ಮುಟ್ಟದ ವ್ಯಾಪಾರಿ ಸುತ್ತಲಿನ ಐದಾರು ಊರುಗಳಿಗೆ ದಿನಕ್ಕೊಂದರಂತೆ ಹೋದರೆ ಒಟ್ಟು ಗಿರಾಕಿಗಳು ಸಾಕಷ್ಟಾಗುತ್ತಾರೆ; ಸಂತೆ ಹುಟ್ಟುವುದೇ ಈ ಲೆಕ್ಕದಿಂದ ಎಂದು ಜೇಮ್ಸ್ ಸ್ಟೈನ್ 1962ರಲ್ಲಿ ಕೊರಿಯಾದ ಸಂತೆಗಳನ್ನು ಆಧರಿಸಿ ವಿವರಿಸಿದರು. ಇಂದಿನ ಸಂಚಾರಿ ಬ್ಯಾಂಕು, ಸಂಚಾರಿ ಚಿಕಿತ್ಸಾಲಯಗಳು ಅದೇ ತತ್ತ್ವದವು. ಇನ್ನೊಂದು, ಹಲವು ವ್ಯಾಪಾರಗಳು ಒಂದೇ ಸೂರಿನಡಿ ಸೇರುವುದು: ದಿನಸಿ, ಅಂಚೆ, ಪಾರ್ಸೆಲ್, ಔಷಧ ಹಂಚಿಕೆ ಒಂದೇ ಬಾಡಿಗೆ, ಒಂದೇ ಸಂಬಳದಲ್ಲಿ ನಡೆದರೆ ಒಂದೊಂದೂ ಮುಟ್ಟದ ಹೊಸ್ತಿಲನ್ನು ಒಟ್ಟಾಗಿ ಮುಟ್ಟಬಹುದು. ಹೀಗೆ ಸೇರಲು ಹಲವೆಡೆ ಅಡ್ಡಿಯಾಗುವುದು ಗಿರಾಕಿಗಳ ಕೊರತೆಯಲ್ಲ, ಪ್ರತಿಯೊಂದಕ್ಕೂ ಪ್ರತ್ಯೇಕ ಜಾಗ, ಪ್ರತ್ಯೇಕ ಪರವಾನಗಿ ಕೇಳುವ ನಿಯಮಗಳು.

ಕೊನೆಯದಾಗಿ ಊರೇ ಅಂಗಡಿಯ ಒಡೆತನ ವಹಿಸಿಕೊಳ್ಳುವುದು. ಐರ್ಲೆಂಡಿನ ಸಹಕಾರ ಚಳವಳಿಯ ಹರೇಸ್ ಪ್ಲಂಕೆಟ್ 1919ರಲ್ಲಿ ಸ್ಥಾಪಿಸಿದ ಸಂಸ್ಥೆ ಇಂದಿಗೂ ಇಂಥ ಪ್ರಯತ್ನಗಳಿಗೆ ನೆರವಾಗುತ್ತಿದ್ದು, ಬ್ರಿಟನ್ನಿನಲ್ಲಿ ಸಮುದಾಯದ ಒಡೆತನದ ಸುಮಾರು 400 ಅಂಗಡಿಗಳು ನಡೆಯುತ್ತಿವೆ. ಊರಿನವರು ಷೇರು ಕೊಳ್ಳುತ್ತಾರೆ, ಎಷ್ಟೇ ಷೇರಿದ್ದರೂ ಒಬ್ಬರಿಗೆ ಒಂದೇ ಮತ. ಷೇರಿನ ಹಣದಿಂದ ಸಾಲದ ಹೊರೆ ಹಗುರಾಗುತ್ತದೆ, ಸ್ವಯಂಸೇವಕರಿಂದ ಸಂಬಳದ ಖರ್ಚು ಇಳಿಯುತ್ತದೆ, ಮತ್ತು ಅಂಗಡಿಯ ಲೆಕ್ಕ ವರ್ಷಕ್ಕೊಮ್ಮೆ ಸದಸ್ಯರ ಮುಂದೆ ತೆರೆದುಕೊಳ್ಳುವುದರಿಂದ ಬೇರೆಡೆಗೆ ಹೋಗುವ ಆ ಕಾಲು ಪಾಲು ಖರೀದಿಯ ಬೆಲೆ ಎಲ್ಲರಿಗೂ ಮುಂಚೆಯೇ ಕಾಣುತ್ತದೆ. ಆದರೆ ಸ್ವಯಂಸೇವಕರಲ್ಲಿ ನಿವೃತ್ತರೇ ಹೆಚ್ಚಾಗಿರುವ ಕಡೆ, ಹಳೆಯ ಮಾಲೀಕರನ್ನು ಕಾಡಿದ ಪ್ರಶ್ನೆ ಹತ್ತು ಹದಿನೈದು ವರ್ಷಗಳಲ್ಲಿ ಇವರನ್ನೂ ಕಾಡುತ್ತದೆ. ಅದಕ್ಕೆಂದೇ ಇಂಥ ಅನೇಕ ಅಂಗಡಿಗಳು ಸ್ವಯಂಸೇವಕರ ಜೊತೆಗೆ ಸಂಬಳದ ಮ್ಯಾನೇಜರ್ ಒಬ್ಬರನ್ನು ಇಟ್ಟುಕೊಂಡು, ಆ ಸಂಬಳವನ್ನು ಮೊದಲ ದಿನದಿಂದಲೇ ಸ್ಥಿರ ವೆಚ್ಚದ ಪಟ್ಟಿಯಲ್ಲಿ ಬರೆದುಕೊಳ್ಳುತ್ತವೆ.